ಹಣೆಯ ಮೇಲಿನ ಗೂಳಿ

"ಕಣ್ಣು ಮುಚ್ಕೊಳ್ಳಿ. ಹೆಣ ಎಲ್ಲಾದ್ರೂ ಕಣ್ಣು ಬಿಟ್ಕೊಂಡು ಊರ ಸಮಾಚಾರ ನೋಡ್ತದಾ?" ಎಂದು ಕಮಲಮ್ಮಾಳ್ ಗದರಿದಾಗ, ಜಗಲಿಯ ಮೇಲೆ ಅಂಗಾತ ಮಲಗಿದ್ದ ಅವರ ಗಂಡ ಪೆರಿಯಣ್ಣನ್ ತಟ್ಟನೆ ಕಣ್ಣು ಮುಚ್ಚಿದರು. ಹಣೆಯ ನಟ್ಟನಡುವೆ ಮೊಮ್ಮಗಳ ಬಣ್ಣದ ನಾಣ್ಯ ತಣ್ಣಗೆ ಕೂತಿತು. ಸಾವು ಇನ್ನೂ ಬಂದಿರಲಿಲ್ಲ. ಬಂದ ದಿನ ಹೆಣದ ಹಣೆಗೆ ಒತ್ತುವ ಹಣೆಕಾಸು ಗಟ್ಟಿಯಾಗಿ ಕೂರುತ್ತದೋ ಜಾರುತ್ತದೋ ಎಂದು ಬೆಳ್‌ಬೆಳಗ್ಗೆ ಒತ್ತಿ ನೋಡುತ್ತಿದ್ದರು, ಅಷ್ಟೇ.

ನಾಣ್ಯ ಯಾವುದೋ ದ್ವೀಪದೇಶದ ಟಂಕಸಾಲೆಯದು. ಸಂಗ್ರಹ ಮಾಡುವವರಿಗೆಂದೇ ಬೆಳ್ಳಿಯ ಮೇಲೆ ಬಣ್ಣ ಹಾಕಿ ಹೊರಡಿಸಿದ್ದು. ಅದರಲ್ಲೊಂದು ಹಾಲುಬಿಳುಪಿನ ಗೂಳಿ, ಕೊಂಬಿಗೆ ನೀಲಿ, ಕೊರಳಿಗೆ ಕೆಂಪು. ತೇನಿಯಿಂದ ರಜೆಗೆ ಬಂದ ಯುವಶ್ರೀ ಅದನ್ನು ತೋರಿಸಿದ್ದೇ ತಡ, ತಾತ ಎದ್ದು ಕೂತಿದ್ದರು. ಪ್ರಾಯದಲ್ಲಿ ಅವರು ಕಾಯ್ದ ದೇವರ ಮಂದೆಯ ಪಟ್ಟದ ಗೂಳಿ ಥೇಟ್ ಹೀಗೇ ಇತ್ತು. ಅವರ ಕುಲದಲ್ಲಿ ಮಂದೆಗೆ ರಾಜನನ್ನು ಮನುಷ್ಯರು ಆರಿಸುವಂತಿಲ್ಲ. ಕಬ್ಬಿನ ಕಂತೆ ಇಟ್ಟು ದೂರ ನಿಲ್ಲುತ್ತಾರೆ; ಯಾವ ಗೂಳಿ ತಾನಾಗಿ ಬಂದು ಮೊದಲು ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಆ ಗೂಳಿ ಕಣ್ಮುಚ್ಚಿ ಎಷ್ಟೋ ಕಾಲವಾಗಿತ್ತು. ನಾಳೆ ತಾನೂ ಮೇಲೆ ಹೋದಾಗ, ಬೋಳು ತಲೆಯ, ಬೊಚ್ಚು ಬಾಯಿಯ ಈ ಮುದುಕನನ್ನು ಅದು ಗುರುತು ಹಿಡಿಯುವುದು ಹೇಗೆ? ಪೆರಿಯಣ್ಣನ್‌ಗೆ ಇದ್ದ ಒಂದೇ ಚಿಂತೆ ಅದು. ಹಣೆಯ ಮೇಲೆ ಅದರದೇ ಚಿತ್ರ ಇದ್ದುಬಿಟ್ಟರೆ ಆಯಿತಲ್ಲ!

"ತಾತಾ, ಅದು ನನ್ನ ಪ್ರಾಣ. ನಾಳೆ ದಿಂಡಿಗಲ್ ಪ್ರದರ್ಶನದಲ್ಲಿ ಇಡ್ಬೇಕು. ಒತ್ತಿ ನೋಡೋಕೆ ಅಂತ ಮಾತ್ರ ಕೊಟ್ಟಿದ್ದು," ಎಂದಳು ಯುವಶ್ರೀ.

"ನಾನೇನು ನಾಳೇನೇ ಹೊರಟೆನಾ? ತೋರಿಸ್ಕೊಂಡು ತಂದುಕೊಡು," ಎಂದರು ಹೆಣದ ಗಾಂಭೀರ್ಯ ಕೆಡದಂತೆ.

ಕಮಲಮ್ಮಾಳ್‌ಗೆ ತಡೆಯಲಾಗಲಿಲ್ಲ. "ಕಾಸಿಗೆ ಬಣ್ಣ ಯಾಕೆ ಕೂಸೇ? ಆ ದೇಶದೋರಿಗೆ ಬೇರೆ ಗೇಮೆ ಇಲ್ವಾ? ಇದನ್ನ ಕೊಟ್ರೆ ಅಂಗಡೀಲಿ ಒಂದು ತೆಂಗಿನಕಾಯಾದ್ರೂ ಕೊಡ್ತಾರಾ?"

"ಇದು ಚಲಾವಣೆಗಲ್ಲ ಅಜ್ಜೀ. ನೋಡೋಕೆ."

"ಇಲ್ಲೇ ನಡೀದ ಕಾಸು ಅಲ್ಲಿ ಮೇಲೆ ನಡೀತದಾ? ನಿಮ್ಮ ತಾತನ್ನ ಬಾಗಿಲಲ್ಲೇ ನಿಲ್ಲಿಸ್ತಾರೆ ನೋಡ್ತಿರು."

"ನಾನು ಅಲ್ಲಿಗೆ ಸಂತೆ ಮಾಡೋಕೆ ಹೋಗ್ತಿಲ್ಲ ಕಮಲಾ."

ಸಾಕು ಎಂದು ನಾಣ್ಯ ಎತ್ತಹೋದರೆ ಅದು ಬರಲೊಲ್ಲದು. ಯುವಶ್ರೀ ಉಗುರು ಹಾಕಿ ಎಬ್ಬಿಸಿದಳು. ಚರ್‌ ಎಂದು ಕೈಗೆ ಬಂತು, ಬೋಳು ಬೆಳ್ಳಿ. ಗೂಳಿ ಮಾತ್ರ ಪೆರಿಯಣ್ಣನ್‌ರ ಹಣೆಯ ಸುಕ್ಕುಗಳ ನಡುವೆ, ಉತ್ತ ಹೊಲದಲ್ಲಿ ನಿಂತಂತೆ, ನೀಲಿ ಕೊಂಬು ಎತ್ತಿ ನಿಂತಿತ್ತು.

"ಅಜ್ಜೀ! ಏನು ಹಾಕಿ ಅಂಟಿಸಿದೆ?"

"ಮಂಡಿನೋವಿಗೆ ಹಚ್ಚೋ ಬೆಲ್ಲ-ಸುಣ್ಣ, ಗೂಳಿ ಇದ್ದ ಮಗ್ಗುಲಿಗೇ. ಗಂಧ ಆದ್ರೆ ಜಾರ್ತದೆ. ಅದಕ್ಕೆ ಮುಂಚೆ ಹುಣಿಸೇಹುಳೀಲಿ ನೆನೆಹಾಕಿ ಬೂದೀಲಿ ಉಜ್ಜಿದೆ. ಎಂಥೆಂಥೋರ ಕೈ ದಾಟಿ ಬಂದಿರೋ ಕಾಸು, ತೊಳೀದೆ ಹಣೆಗಿಡೋಕಾಗ್ತದಾ?"

"ಯಾರ ಕೈಯೂ ದಾಟಿಲ್ಲ ಅಜ್ಜೀ! ನಾನೇ ಕೈಗವಸು ಹಾಕ್ಕೊಂಡು ಮುಟ್ತಿದ್ದೆ!" ಯುವಶ್ರೀ ಅಳು ನುಂಗುತ್ತ ದಿಂಡಿಗಲ್ಲಿನ ಗೆಳೆಯ ಎಳಿಲ್‌ಗೆ ಫೋನ್ ಹಚ್ಚಿದಳು. ಅವನೂ ನಾಣ್ಯದ ಹುಚ್ಚಿನವನೇ. "ತಾತಾ, ಮುಖ ತೊಳೀಬೇಡಿ! ಬೆವರಲೂಬೇಡಿ!"

ಎಲ್ಲ ಕೇಳಿಕೊಂಡ ಎಳಿಲ್‌ನ ದನಿ ಸ್ಪೀಕರಿನಲ್ಲಿ ಗಂಭೀರವಾಗಿ ಬಂತು. "ಹಣೆ ಯಾವ ಸ್ಥಿತಿಯಲ್ಲಿದೆ? ಗೀರುಗಳಿವೆಯಾ?"

"ಎಂಬತ್ತು ವರ್ಷದ್ದು," ಎಂದಳು ಯುವಶ್ರೀ.

"ಪರವಾಗಿಲ್ಲ, ಬೆರಳಚ್ಚು ಬೀಳಬಾರದು ಅಷ್ಟೇ. ಕಾಸು, ತಾತ ಎರಡನ್ನೂ ಒಟ್ಟಿಗೆ ಇಡೋಣ. ಗಾಜಿನ ಪೆಟ್ಟಿಗೆ ನಾನು ತರ್ತೀನಿ."

"ಪೆಟ್ಟಿಗೇಲಿ ಗಾಳಿ ಆಡ್ತದಾ ಕೇಳು," ಎಂದರು ಪೆರಿಯಣ್ಣನ್, ಆಗಲೇ ಅರ್ಧ ಒಪ್ಪಿದವರಂತೆ.

"ಆಡೋದು ಬೇಡ. ಬೀಡಿ ವಾಸನೆ. ಮುಚ್ಚಳ ಬಿಗಿಯಾಗಿರ್ಲಿ," ಎಂದರು ಕಮಲಮ್ಮಾಳ್.

ಇಷ್ಟೆಲ್ಲ ಆದರೂ ಗೂಳಿಯನ್ನು ಕಾಣದವರು ಅದನ್ನು ಹೊತ್ತವರೊಬ್ಬರೇ. "ಮೊದಲು ಕನ್ನಡಿ ತಾ," ಎಂದು ಹೆಂಡತಿಯನ್ನು ಒಳಗೆ ಕಳಿಸಿ, ಪೆರಿಯಣ್ಣನ್ ಅಂಗಳಕ್ಕಿಳಿದು ಕಲ್ಲಿನ ಮೇಲೆ ಕೂತರು. ಬೇವಿನ ಕೆಳಗೆ ಬಿಳಿ ಹೋರಿಗರು ಹಗ್ಗವಿಲ್ಲದೆ ನಿಂತಿತ್ತು. ಹಿಂಡಿ ತೋರಿಸಿದರೂ ಯಾರ ಹತ್ತಿರವೂ ಸುಳಿಯದ ಕರು ಅದು. ಮೂಗು ಅರಳಿಸಿತು. ಒಂದೊಂದೇ ಹೆಜ್ಜೆ ಇಟ್ಟುಕೊಂಡು ತಾನಾಗಿ ಬಂತು. ಬಂದು, ಕಬ್ಬಿಗೆ ಬಾಯಿ ಹಾಕುವಂತೆ, ಅವರ ಹಣೆಗೆ ಬಾಯಿ ಹಾಕಿತು.

"ತಾತಾ, ತಳ್ಳಿ! ತಳ್ಳಿ ಅದನ್ನ!" ಯುವಶ್ರೀ ಬಾಲ ಹಿಡಿದು ಜಗ್ಗಿದಳು. ಪೆರಿಯಣ್ಣನ್ ತಳ್ಳಲಿಲ್ಲ. ಜಗಲಿಯ ಮೇಲೆ ಎಷ್ಟು ಹೇಳಿದರೂ ಬಾರದ ಹೆಣದ ಶಾಂತಿ ಈಗ ತಾನಾಗೇ ಅವರ ಮುಖಕ್ಕೆ ಬಂದಿತ್ತು. "ಹಲೋ, ಹಲೋ, ಈಗ ಯಾವ ಸ್ಥಿತಿ?" ಎಂದು ಎಳಿಲ್ ಫೋನಿನೊಳಗಿಂದ ಕೂಗುತ್ತಲೇ ಇದ್ದ.

ಹೊರಬಂದ ಕಮಲಮ್ಮಾಳ್ ಮೊಮ್ಮಗಳ ಕೈಯಿಂದ ಬೋಳು ನಾಣ್ಯ ತೆಗೆದು, ತಿರುಗಿಸಿ ನೋಡಿ, "ಈಗ ಕಾಸಿನ ಹಂಗಾಯ್ತು," ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗಂಡನ ಮುಂದೆ ಕನ್ನಡಿ ಹಿಡಿದರು.

ಕನ್ನಡಿಯಲ್ಲಿ ಹಣೆ ತೊಳೆದಿಟ್ಟಂತೆ ಖಾಲಿ. ಹೆಗಲ ಮೇಲೊಂದು ಬಿಳಿ ಮೂತಿ, ಅದರಿಂದ ಇಳಿಬಿದ್ದ ನೀಲಿ ನಾಲಗೆ.

"ಗುರುತು ಹಿಡೀತು," ಎಂದರು ಪೆರಿಯಣ್ಣನ್.