ಚಾಸಿಸ್‌ಗೆ ಬಳಿದ ನೀಲಿ

"ನಿನಗೆ ಏಳು ತುಂಬುವ ವರ್ಷ ಲಾರಿ ತಂದು ಕರೆದೊಯ್ಯುತ್ತೇನೆ" ಎಂದು ತುಳಸು ಮಗಳಿಗೆ ಮಾತು ಕೊಟ್ಟು ನಾಲ್ಕು ವರ್ಷವಾಗಿತ್ತು. ಕಡಲು ಏರಿದ ಮೇಲೆ ಮಗಳು ಅಜ್ಜಿಯೊಂದಿಗಿದ್ದ ಗುಡ್ಡ ನಡುಗಡ್ಡೆಯಾಗಿತ್ತು. ಆ ಅಲೆಗಳಿಗೆ ದೋಣಿ ತಾಳುತ್ತಿರಲಿಲ್ಲ. ರಸ್ತೆ ವರ್ಷಕ್ಕೊಮ್ಮೆ, ಮಾಘದ ಇಳಿತದಲ್ಲಿ, ಎಂಟು ತಾಸು ಮಾತ್ರ ನೀರಿನಿಂದ ಮೇಲೇಳುತ್ತಿತ್ತು.

ಇಂದು ರಸ್ತೆ ತೆರೆದು ಐದು ತಾಸಾದರೂ ಅವಳ ಲಾರಿ ಸ್ಟಾರ್ಟ್ ಆಗಿರಲಿಲ್ಲ. ಫ್ಯೂಸ್, ರಿಲೇ ಎರಡನ್ನೂ ಬದಲಿಸಿ ಸೋತ ಮೆಕ್ಯಾನಿಕ್ ಪೆದ್ರು, ಟೆಸ್ಟ್ ಲ್ಯಾಂಪ್ ಹಿಡಿದು ಲಾರಿಯಡಿ ತೂರಿದ.

"ಡೀಸೆಲ್ ಪಂಪಿಗೆ ಕರೆಂಟ್ ಬತ್ತದೆ ಅಕ್ಕಾ, ಚಾಸಿಸ್ ಮೇಲೆ ವಾಪಸ್ ಹೋಗೂಕೆ ಅರ್ಥ್ ಸಿಗೂದಿಲ್ಲ. ಚಾಸಿಸ್‌ಗೆ ಪೇಂಟ್ ಹೊಡೆದ ಪುಣ್ಯಾತ್ಮ ಯಾರು?"

"ನಾನೇ, ನಿನ್ನೆ. ಮಗಳಿಗೆ ನೀಲಿ ಅಂದ್ರೆ ಜೀವ."

"ಅರ್ಥ್ ಬೋಲ್ಟಿನ ಅಡಿಗೂ ಹೊಡೆಯೂದಾ ಮಾರಾಯ್ತಿ? ಪೇಂಟ್ ದಾಟಿ ಕರೆಂಟ್ ಹೋಗ್ತದ್ಯಾ?"

ಅವನು ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ಬಣ್ಣ ಉಜ್ಜಿದ. ಪಂಪ್ ಗುಂಯ್‌ಗುಟ್ಟಿತು, ಇಂಜಿನ್ ಒಂದೇ ಸಲಕ್ಕೆ ಎದ್ದಿತು. ತುಳಸು ದಡಕ್ಕೆ ಬಂದಾಗ ಕಾವಲಿನವನು ರಸ್ತೆಗೆ ಅಡ್ಡ ಹಗ್ಗ ಕಟ್ಟಿದ್ದ. ಆಚೆ ಮುಟ್ಟಲು ಮೂರು ತಾಸು ಬೇಕು, ಉಳಿದದ್ದು ಎರಡೇ.

ದೂರದ ಗುಡ್ಡದ ಮೇಲೆ, ತಮ್ಮವರ ದಾರಿ ಕಾಯುವ ಮಕ್ಕಳು ಹಿಡಿದ ಕನ್ನಡಿಗಳು ಮಿನುಗುತ್ತಿದ್ದವು. ತಮ್ಮವರು ತಲುಪಿದಂತೆ ಒಬ್ಬೊಬ್ಬರೇ ಕನ್ನಡಿ ಇಳಿಸಿದರು. ಒಂದು ಮಾತ್ರ ಮಿನುಗುತ್ತಲೇ ಇತ್ತು.

ಮಗಳಿಗೆ ಏಳು ತುಂಬಿದ ವರ್ಷ ತುಳಸು ಹೋಗಲಿಲ್ಲ.