ಬೆಂಕಿಪೊಟ್ಟಣದ ಪತಂಗ

“ಇದು ಭಾವನೇ, ಅಕ್ಕ. ಇನ್ನೆಷ್ಟು ಹೊತ್ತು ನೋಡ್ತೀಯ? ಹೌದು ಅಂತ ಹೇಳು, ಕತ್ತಲಾಗೋದ್ರೊಳಗೆ ಮನೆಗೆ ಹೋಗೋಣ,” ಎಂದಳು ತಂಗಿ.

ಶವಾಗಾರದ ಮೇಜಿನ ಮೇಲೆ ಹೊಳೆಯಿಂದ ಎತ್ತಿದ ಹೆಣ. ಮೈಮೇಲೆ ಬಟ್ಟೆಯಿಲ್ಲ. ಮುಖವನ್ನು ಮೀನುಗಳು ತಿಂದಿದ್ದವು. ಎತ್ತರ ಅದೇ, ಮೈಕಟ್ಟು ಅದೇ.

ಅಕ್ಕ ಚೀಲದಿಂದ ಬೆಂಕಿಪೊಟ್ಟಣ ತೆಗೆದಳು.

“ಇಲ್ಲಿ ಬೀಡಿ ಸೇದೋ ಹಾಗಿಲ್ಲಮ್ಮ,” ಎಂದ ಕಾವಲುಗಾರ.

“ಬೀಡಿ ಅಲ್ಲಪ್ಪ, ಪತಂಗ. ಗಂಡು.”

ಅವಳ ಗಂಡ ಕೀಟದ ಬಲೆ ಮಾಡುವ ಕಾರ್ಖಾನೆಯಲ್ಲಿದ್ದ. ಹೆಣ್ಣು ಪತಂಗ ಗಂಡನ್ನು ಕರೆಯಲು ಒಂದು ವಾಸನೆ ಬಿಡುತ್ತದೆ. ಅದನ್ನು ಬಲೆಯೊಳಗೆ ಇಡುವ ರಬ್ಬರ್ ಬಿರಡೆಗಳಿಗೆ ತುಂಬುವುದು ಅವನ ಕೆಲಸ. ಮನುಷ್ಯರ ಮೂಗಿಗೆ ಅದು ತಿಳಿಯದು. ವರ್ಷಗಟ್ಟಲೆ ತುಂಬಿ ತುಂಬಿ ಅವನ ಚರ್ಮಕ್ಕೇ ಇಳಿದಿತ್ತು. ಸೋಪು, ಸೀಮೆಎಣ್ಣೆ, ಯಾವುದಕ್ಕೂ ಜಗ್ಗಲಿಲ್ಲ. ಸಂಜೆಯಾದರೆ ಗಂಡು ಪತಂಗಗಳು ಅವನ ಬೆನ್ನು ಹತ್ತುತ್ತಿದ್ದವು. ಅವನ ಮಗ್ಗುಲಲ್ಲಿ ಮಲಗಿದ್ದಕ್ಕೆ ಅವಳನ್ನೂ ಬಿಡುತ್ತಿರಲಿಲ್ಲ.

“ಬೇರೆಯವರಿಗೆ ಸವತಿ ಕಾಟ, ನನಗೆ ಹುಳದ ಕಾಟ,” ಎಂದು ನಗುತ್ತಿದ್ದಳು.

ಅವನು ಜಗಳವಾಡಿ ಮನೆ ಬಿಟ್ಟು ಎರಡು ತಿಂಗಳು. ಮೊದಲು ಹಾಸಿಗೆಗೆ ಪತಂಗ ಬರುವುದು ನಿಂತಿತು. ಆಮೇಲೆ ಅವಳ ಮೈಗೆ. ಅವತ್ತೇ ಅವಳು ಮೊದಲ ಸಲ ಅತ್ತದ್ದು. ತಂಗಿ ಮಾತ್ರ ಕೈಬಿಡಲಿಲ್ಲ. ಮಧ್ಯಾಹ್ನ ಬಂದು ಸಮಾಧಾನ ಹೇಳಿ ಹೊತ್ತು ಇಳಿಯುವ ಮೊದಲೇ ಹೊರಡುತ್ತಿದ್ದಳು. ಹೆಣ ಸಿಕ್ಕ ಸುದ್ದಿ ತಂದವಳೂ ಅವಳೇ.

“ಇಷ್ಟು ದಿನ ನೀರಲ್ಲಿ ನೆಂದಿದೆ. ವಾಸನೆ ಎಲ್ಲಿ ಉಳಿಯತ್ತೆ? ಹುಚ್ಚಾಟ ಬಿಡಕ್ಕ.” ತಂಗಿ ಬಾಗಿಲ ಕಡೆ ಸರಿದಳು.

“ನಿನ್ನ ಭಾವನ ಚರ್ಮ ಸುಲಿದರೂ ಅದು ಹೋಗಲ್ಲ. ಬಾಗಿಲು ಹಾಕು.”

ಕಾವಲುಗಾರನೇ ಬಾಗಿಲು ಹಾಕಿದ. ಕಿಟಕಿಯ ಗಾಜಿನಾಚೆ ಮಬ್ಬು ಕವಿದಿತ್ತು. ಅಕ್ಕ ಪೊಟ್ಟಣ ತೆರೆದಳು.

ಪತಂಗ ಮೇಲೆದ್ದಿತು. ಹೆಣದ ಮೇಲೆ ಒಂದು ಸುತ್ತು ಹಾಕಿತು. ಎದೆಗೆ ಇಳಿಯಲಿಲ್ಲ. ಕೈಗೂ ಇಳಿಯಲಿಲ್ಲ. ಹಾರಿ ಅವಳ ತಲೆ ದಾಟಿ ಹಿಂದೆ ಹೋಯಿತು.

ಅಕ್ಕ ಮೇಜಿನ ಅಂಚು ಹಿಡಿದು ನಿಂತಳು.

“ಇವರಲ್ಲ. ಬದುಕಿದ್ದಾರೆ ಕಣೇ. ನಿನ್ನ ಭಾವ ಬದುಕಿದ್ದಾರೆ.” ತಂಗಿಯನ್ನು ತಬ್ಬಿಕೊಳ್ಳಲು ತಿರುಗಿದಳು.

ತಂಗಿ ಉಸಿರು ಬಿಗಿಹಿಡಿದು ಗೋಡೆಗೆ ಅಂಟಿ ನಿಂತಿದ್ದಳು. ಪತಂಗ ಅವಳ ಕುತ್ತಿಗೆಯ ಮೇಲೆ ಕೂತು ರೆಕ್ಕೆ ಅದುರಿಸುತ್ತಿತ್ತು.