ನಿನ್ನೆಯ ನೀರು

ಕೆಸುವಿನ ಗೆಡ್ಡೆ ಬೇಯುವ ವಾಸನೆ ಬಂದರೆ ಈಗಲೂ ನನಗೆ ಇಂಗ್ಲೆಂಡಿನ ಹಾರ್ಬೋರ್ನ್‌ನ ನಮ್ಮ ಅಡುಗೆಮನೆಯ ಸಿಂಕ್ ನೆನಪಾಗುತ್ತದೆ.

ನನಗಾಗ ಎಂಟು ವರ್ಷ. ಅಮ್ಮ ಕೆಲಸ ಮಾಡುತ್ತಿದ್ದ ಆಸ್ಪತ್ರೆ ವಾರ್ಡಿನಲ್ಲೇ ನರ್ಸ್ ಆಗಿದ್ದ ತೇರಿಯಾ ಆಂಟಿ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದಿದ್ದರು. ಪೆಸಿಫಿಕ್ ಸಾಗರದ ಒಂದು ಪುಟ್ಟ ಹವಳದ ದ್ವೀಪ ಅವರ ಊರು. ಹಿಂದಿನ ದಿನದ ನೀರನ್ನು ಅಮ್ಮ ಯಾರಿಗೂ ಕೊಡುತ್ತಿರಲಿಲ್ಲ. ಹೊಸ ನೀರು ಹಿಡಿಯಲೆಂದು ತುಂಬಿದ ಜಗ್ಗನ್ನು ಸಿಂಕಿಗೆ ಬಗ್ಗಿಸಿದಳು. ಆಂಟಿ ಧಡಕ್ಕನೆ ಎದ್ದು ಬಂದು ಆ ಧಾರೆಗೆ ಬೊಗಸೆ ಒಡ್ಡಿದರು.

"ಅಯ್ಯೋ, ಅದು ನಿನ್ನೆ ನೀರು ಕಣ್ರೀ!" ಗಾಬರಿಯಲ್ಲಿ ಅಮ್ಮ ಕನ್ನಡದಲ್ಲೇ ಕೂಗಿದಳು.

ಆಂಟಿ ನಾಚಿಕೊಂಡು ಕೈ ಒರೆಸಿಕೊಂಡರು. ತಟ್ಟೆಯಲ್ಲಿದ್ದ ಕೆಸುವಿನ ಗೆಡ್ಡೆಯ ಪಲ್ಯವನ್ನು ತುಂಬ ಹೊತ್ತು ನೋಡಿ, ತಮ್ಮ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: "ನಮ್ಮೂರಲ್ಲೂ ಗುಂಡಿ ತೋಡಿ ಇಂಥದ್ದೇ ಗೆಡ್ಡೆ ಬೆಳೀತಿದ್ವಿ. ಸಮುದ್ರ ಒಳಗೆ ಬಂತು. ಗೆಡ್ಡೆಯೆಲ್ಲ ಕೊಳೆತು ಹೋಯ್ತು, ಬಾವಿ ಉಪ್ಪಾಯ್ತು. ಅಪ್ಪ ಈಗ್ಲೂ ಆ ನೀರನ್ನೇ ಕುಡೀತಾರೆ."

ಅಮ್ಮ ಅವರ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಬಡಿಸಿದಳು.

ಅವರು ಹೋದ ಮೇಲೆ ನಾನೊಂದು ಲೋಟ ನೀರಿಗೆ ಉಪ್ಪು ಕದಡಿ ಕುಡಿದು ನೋಡಿದೆ. ಮೊದಲ ಗುಟುಕನ್ನೇ ಉಗಿದುಬಿಟ್ಟೆ. ಬಾಯಿಯ ಉಪ್ಪು ಹೋಗುವವರೆಗೂ ನಲ್ಲಿ ಬಿಟ್ಟುಕೊಂಡೇ ನಿಂತಿದ್ದೆ.